ಕಡವೆಯ ಜಾಡಿನಲ್ಲಿ: ಓದುಗರ ಪ್ರಶ್ನೆ, ಹಳೆಯ ಷಿಕಾರಿಯ ಉತ್ತರ

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ನನ್ನ ಯೌವನದ ಬೇಟೆಯ ದಿನಗಳ ಬಗ್ಗೆ ಒಂದು ಚಿಕ್ಕ ಬರಹ ಪ್ರಕಟವಾಗಿತ್ತು. ಕೋವಿ ಕೆಳಗಿಟ್ಟು ಐವತ್ತು ವರ್ಷಗಳಾದ ಮೇಲೂ ಪ್ರತಿ ಬೆಳಿಗ್ಗೆ ಕಾಡಂಚಿನಲ್ಲಿ ನಡೆಯುವ ಅಭ್ಯಾಸ ನನಗಿದೆ ಎಂದು ಅದರಲ್ಲಿ ಬರೆದಿದ್ದೆ. ಅದನ್ನು ಓದಿದವರ ಪತ್ರಗಳಲ್ಲಿ ಆರನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ನಮ್ಮ ಮನೆಯಲ್ಲಿ ಪರವಾನಗಿ ವಿನಾಯಿತಿಯ ಕೋವಿಯಿದೆ. ಅಜ್ಜನ ಕಾಲದಲ್ಲಿ ಕೈಲ್ ಮುಹೂರ್ತ (ನಮ್ಮ ಆಯುಧಪೂಜೆಯ ಹಬ್ಬ) ಕಳೆದೊಡನೆ ಎಲ್ಲರೂ ಬೇಟೆಗೆ ಹೊರಡುತ್ತಿದ್ದರಂತೆ. ನಮ್ಮದೇ ತೋಟದೊಳಗೆ ಬಂದ ಜಿಂಕೆಯನ್ನು ಹೊಡೆದರೆ ತಪ್ಪೇನು?
— ಓದುಗರೊಬ್ಬರು, ವಿರಾಜಪೇಟೆ

ತಪ್ಪು, ಅದೂ ಜೈಲಿಗೆ ಹೋಗುವಂಥ ತಪ್ಪು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನಿನ) ಹಿಡುವಳಿದಾರರಿಗೂ ಇರುವ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಸೇರಿದ್ದು. ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಡ ಎಂಬುದಷ್ಟೇ ಅದರ ಅರ್ಥ; ಸದ್ಯದ ಆದೇಶ 2029ರವರೆಗೆ ಜಾರಿಯಲ್ಲಿರುತ್ತದೆ. ಆ ಕೋವಿಯಿಂದ ಏನನ್ನು ಹೊಡೆಯಬಹುದು ಎಂಬುದನ್ನು ಹೇಳುವುದು ಬೇರೆಯೇ ಕಾನೂನು, ಅಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕಡವೆ, ಚುಕ್ಕೆ ಜಿಂಕೆ, ಕಾಡುಕುರಿ (ಬೊಗಳುವ ಜಿಂಕೆ) ಇವೆಲ್ಲವೂ ಅದರ ರಕ್ಷಣೆಯಲ್ಲಿವೆ ಮತ್ತು ಪ್ರಾಣಿ ನಿಮ್ಮ ಬೇಲಿ ದಾಟಿ ಬಂದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಹೊಡೆಯಲೆಂದು ಅಟ್ಟಿಸಿಕೊಂಡು ಹೋಗುವುದು, ಗುರಿ ತಪ್ಪಿದ ಗುಂಡು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. 2022ರ ತಿದ್ದುಪಡಿಯ ನಂತರ, ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ನಡೆದ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸವೂ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ಇದೆ. ಕೊಡಗಿನ ನಕ್ಷೆಯಲ್ಲಿ ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿಗಳನ್ನು ಗುರುತಿಸಿ ನೋಡಿದರೆ ಎಷ್ಟು ತೋಟಗಳ ಬೇಲಿ ಈ ಗಡಿಗಳಿಗೆ ತಾಗಿಕೊಂಡಿದೆ ಎಂಬುದು ತಿಳಿಯುತ್ತದೆ.

ನಿಮ್ಮ ಅಜ್ಜನವರ ಬಗ್ಗೆ ಒಂದು ಮಾತು. ನಾಟಿ ಮುಗಿಯುವವರೆಗೆ ಮನೆಯ ಆಯುಧಗಳನ್ನು ಕನ್ನಿಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಟ್ಟುಬಿಡುತ್ತಿದ್ದರು. ಆ ದಿನಗಳಲ್ಲಿ ಬೇಟೆಯಿಲ್ಲ. ಕೋವಿಯಷ್ಟೇ ಈ ನಿಲುಗಡೆಯೂ ಸಂಪ್ರದಾಯದ ಭಾಗವಾಗಿತ್ತು ಎಂಬುದನ್ನು ಬೇಟೆಯ ಹಕ್ಕಿನ ಬಗ್ಗೆ ಮಾತನಾಡುವವರು ಮರೆಯುತ್ತಾರೆ.

ಅಜ್ಜ, ನಾನು ಕಾಲೇಜು ವಿದ್ಯಾರ್ಥಿನಿ. ಎಷ್ಟು ಸಲ ಕಾಡಂಚಿಗೆ ಹೋದರೂ ಜಿಂಕೆಯ ಬಾಲವಷ್ಟೇ ಕಾಣಿಸುತ್ತದೆ. ಹಿಂದಿನ ಬೇಟೆಗಾರರು ಅವುಗಳ ಹತ್ತಿರ ಹೋಗುತ್ತಿದ್ದುದು ಹೇಗೆ?
— ಓದುಗರೊಬ್ಬರು, ಮಡಿಕೇರಿ

ನಿನ್ನ ಪತ್ರ ಓದಿ ಸಂತೋಷವಾಯಿತು, ಮಗಳೇ. ಮೊದಲ ಪಾಠ ಗಾಳಿಯದು. ನನ್ನ ತಂದೆ ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಗಂಟುಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಹತ್ತು ಹೆಜ್ಜೆಗೊಮ್ಮೆ ಅದನ್ನು ಬೆರಳಿನಿಂದ ತಟ್ಟಿ, ಬೂದಿ ಯಾವ ಕಡೆಗೆ ತೇಲುತ್ತದೆ ಎಂದು ನೋಡಿ ಮುಂದಿನ ಹೆಜ್ಜೆ ಇಡುತ್ತಿದ್ದರು. ನಮ್ಮಂಥ ಗುಡ್ಡದ ನಾಡಿನಲ್ಲಿ ಬಿಸಿಲೇರಿದಂತೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಣ್ಣಗಾದಂತೆ ಕೆಳಕ್ಕೆ ಹರಿಯುತ್ತದೆ. ಹಾಗಾಗಿ ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಪ್ರಾಣಿಗಿಂತ ಎತ್ತರದಲ್ಲಿ, ಸಂಜೆ ಅದಕ್ಕಿಂತ ತಗ್ಗಿನಲ್ಲಿ ಕುಳಿತುಕೊಳ್ಳಬೇಕು. ಬಟ್ಟೆಯ ಬಣ್ಣಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡ. ಕೆಂಪು, ಕಿತ್ತಳೆ ಬಣ್ಣಗಳನ್ನು ಜಿಂಕೆಯ ಜಾತಿ ನಮ್ಮಂತೆ ಗುರುತಿಸುವುದಿಲ್ಲ, ಆದರೆ ನೀನು ಸೊಳ್ಳೆ ಓಡಿಸಲು ಎತ್ತಿದ ಕೈಯನ್ನು ನೂರು ಮಾರು ದೂರದಿಂದಲೂ ಕಾಣುತ್ತದೆ.

ಎರಡನೆಯದು ನೆಲ. ಕಾಲುದಾರಿಗೆ ಅಡ್ಡಲಾಗಿ ಜೇಡರ ಬಲೆ ಹರಿಯದೆ ಉಳಿದಿದ್ದರೆ ಆ ದಾರಿಯಲ್ಲಿ ರಾತ್ರಿಯಿಂದ ದೊಡ್ಡ ಪ್ರಾಣಿ ಯಾವುದೂ ಹಾದುಹೋಗಿಲ್ಲ. ಹುಲ್ಲಿನ ಇಬ್ಬನಿ ಒಂದು ಗೆರೆಯಲ್ಲಿ ಮಾತ್ರ ಉದುರಿ ಹಸಿರು ಕಪ್ಪಾಗಿ ಕಂಡರೆ ಬೆಳಗಿನ ಜಾವದ ನಂತರ ಹೋಗಿದೆ. ಗೊರಸಿನ ಗುರುತಿನ ಅಂಚು ಚೂಪಾಗಿದ್ದು ಒಳಗೆ ನೀರು ಇನ್ನೂ ಜಿನುಗುತ್ತಿದ್ದರೆ ಅಲ್ಲೇ ನಿಲ್ಲು, ಪ್ರಾಣಿ ಕೂಗಳತೆಯಲ್ಲಿದೆ. ಹಿಕ್ಕೆಯೂ ಹಾಗೆಯೇ: ಹೊಳಪಿದ್ದು ಲೋಳೆಯಿದ್ದರೆ ಹೊಸತು. ಕಾಡುಕುರಿಯ ಗೊರಸು ಎರಡು ಬೆರಳಿನ ಗುರುತಿನಷ್ಟು ಚಿಕ್ಕದು. ಕಡವೆಯದನ್ನು ಕೆಸರಿನಲ್ಲಿ ಮೊದಲ ಸಲ ನೋಡಿದವರು ದನದ ಕರು ಹೋಗಿದೆ ಎಂದುಕೊಳ್ಳುತ್ತಾರೆ. ಚುಕ್ಕೆ ಜಿಂಕೆ ಬೇಕಾದರೆ ನಾಗರಹೊಳೆ, ದುಬಾರೆ, ಆನೆಕಾಡಿನ ಕಡೆಗೆ ಹೋಗಬೇಕು. ಮಳೆ ಹೆಚ್ಚಿರುವ ಪಶ್ಚಿಮದ ದಟ್ಟ ಕಾಡು ಅದಕ್ಕೆ ಒಗ್ಗುವುದಿಲ್ಲ. ಅಲ್ಲಿ ಕಡವೆ ಮತ್ತು ಕಾಡುಕುರಿಯದೇ ರಾಜ್ಯ.

ಮೂರನೆಯದು ಕಿವಿ. ಕಾಡುಕುರಿ ನಾಯಿಯಂತೆ ಬೊಗಳುತ್ತದೆ, ಸಣ್ಣ ಅನುಮಾನಕ್ಕೂ ಗಂಟೆಗಟ್ಟಲೆ ಬೊಗಳುತ್ತದೆ. ಅದನ್ನು ನಂಬಿ ಕುಳಿತರೆ ಊಟದ ಹೊತ್ತು ಮೀರುತ್ತದೆ. ಚುಕ್ಕೆ ಜಿಂಕೆಯ ಕೂಗು ಸಿಳ್ಳೆಯಂತೆ ಚೂಪು. ಮರದ ಮೇಲಿನ ಮುಸುವ ಉದುರಿಸುವ ಚಿಗುರು, ಕಾಯಿಗಳನ್ನು ತಿನ್ನಲು ಜಿಂಕೆಗಳು ಕೆಳಗೆ ನೆರೆಯುವುದರಿಂದ, ಮೇಲಿನ ಕಾವಲುಗಾರನೂ ಕೆಳಗಿನವರೂ ಒಬ್ಬರ ಎಚ್ಚರಿಕೆಯನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ. ಆದರೆ ಕಡವೆ ಬಾಲವೆತ್ತಿ, ಮುಂಗಾಲಿನಿಂದ ನೆಲ ಕುಟ್ಟಿ, ಖಾಲಿ ಡಬ್ಬಕ್ಕೆ ಹೊಡೆದಂತೆ ‘ಢಾಂಕ್’ ಎಂದು ಕೂಗಿತೆಂದರೆ ಹುಲಿಯೋ ಚಿರತೆಯೋ ಸೀಳುನಾಯಿಯೋ ಇದೆ ಎಂದು ತಿಳಿದು ಹಿಂದಿರುಗಬೇಕು. ಈ ವಯಸ್ಸಿನಲ್ಲಿ ನಾನಂತೂ ಹಿಂದಿರುಗುತ್ತೇನೆ.

ಇದನ್ನೆಲ್ಲ ಸಂರಕ್ಷಿತ ಕಾಡಿನೊಳಗೆ ಒಬ್ಬಳೇ ಹೋಗಿ ಮಾಡಬೇಡ. ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಗದ್ದೆಯ ಬದುವೂ ಬಾಣೆಯ (ಗದ್ದೆಗೆ ಸೇರಿದ ಎತ್ತರದ ಜಾಗದ) ಅಂಚೂ ಕಲಿಯಲು ಸಾಕು. ಮಳೆಗಾಲದಲ್ಲಿ ಇಂಬಳಕ್ಕೆ ಉಪ್ಪಿನ ಗಂಟು, ಬೇಸಗೆಯಲ್ಲಿ ಉಣುಗಿಗಾಗಿ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ಕಟ್ಟುವುದು, ಇವೆರಡನ್ನು ಮರೆಯದಿರು.

ರಾತ್ರಿ ಕಡವೆಗಳು ಗದ್ದೆಗೆ ಇಳಿದು ಪೈರು ಮೇಯುತ್ತವೆ, ಕೊಂಬು ಉಜ್ಜಿ ಎಳೆಯ ಸಿಲ್ವರ್ ಗಿಡಗಳ ತೊಗಟೆ ಸುಲಿಯುತ್ತವೆ. ಪಕ್ಕದವರು ಉರುಳು ಹಾಕಿ ಎನ್ನುತ್ತಾರೆ. ನಿಮ್ಮ ಸಲಹೆ?
— ಓದುಗರೊಬ್ಬರು, ಸೋಮವಾರಪೇಟೆ

ಉರುಳನ್ನು ಖಂಡಿತ ಹಾಕಬೇಡಿ. ಬೈಕಿನ ಕ್ಲಚ್ ವೈರಿನಲ್ಲಿ ಮಾಡಿದ ಉರುಳಿಗೆ ಕಡವೆ ಯಾವುದು, ಚಿರತೆ ಯಾವುದು, ನಿಮ್ಮದೇ ನಾಯಿ ಯಾವುದು ಎಂಬ ಭೇದವಿಲ್ಲ. ಉರುಳಿಗೆ ಸೊಂಟ ಸಿಕ್ಕಿಸಿಕೊಂಡು ಜೀವಂತವಾಗಿದ್ದ ಚಿರತೆಯನ್ನು ಒಮ್ಮೆ ನೋಡಿದ್ದೇನೆ. ಅದು ಸುತ್ತ ಒಂದು ಆಳುದ್ದದವರೆಗೆ ನೆಲವನ್ನು ಕೆರೆದು ಹೊಂಡ ಮಾಡಿತ್ತು, ಕಾಫಿ ಗಿಡದ ಕಾಂಡದಲ್ಲಿ ಹಲ್ಲು ಮುರಿದು ಉಳಿದಿತ್ತು. ಮನೆಯ ಕರೆಂಟನ್ನು ಬೇಲಿಗೆ ನೇರವಾಗಿ ಕೊಡುವುದೂ ಅಷ್ಟೇ. ಅದು ಮನುಷ್ಯರನ್ನು ಕೊಲ್ಲುತ್ತದೆ, ಕೊಂದಿದೆ.

ಕಡವೆ ಆರಡಿ ಬೇಲಿಯನ್ನು ನಿಂತಲ್ಲಿಂದಲೇ ಹಾರಬಲ್ಲದು. ಎಂಟಡಿ ಎತ್ತರದ ಬೇಲಿಗೆ ಹಣ ಸಾಲದಿದ್ದರೆ, ನಾಲ್ಕಡಿಯ ಎರಡು ಸಾಲುಗಳನ್ನು ನಾಲ್ಕೈದು ಅಡಿ ಅಂತರದಲ್ಲಿ ಎಳೆದು ನೋಡಿ. ಎತ್ತರವನ್ನೂ ಅಗಲವನ್ನೂ ಒಟ್ಟಿಗೆ ಅಳೆಯುವುದು ಅದಕ್ಕೆ ಕಷ್ಟ. ಎಳೆಯ ಗಿಡಗಳಿಗೆ ಬಿದಿರಿನ ದೆಬ್ಬೆ ಸುತ್ತಿದರೆ ಉಜ್ಜಾಟ ನಿಲ್ಲುತ್ತದೆ. ಹಳೆಯ ಸೀರೆ ಕಟ್ಟುವುದು ಒಂದು ವಾರದ ಉಪಾಯ, ಆಮೇಲೆ ಅವು ಸೀರೆಯ ಪಕ್ಕದಲ್ಲೇ ಮೇಯುತ್ತವೆ. ಹಾನಿಯಾದ ಬೆಳಿಗ್ಗೆಯೇ ಗೊರಸಿನ ಗುರುತಿನ ಸಮೇತ ಚಿತ್ರ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಬರುವ ಮೊತ್ತ ನಷ್ಟಕ್ಕೆ ಸಮನಾಗುವುದಿಲ್ಲ ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಅರ್ಜಿ ಬೀಳದಿದ್ದರೆ ನಿಮ್ಮ ಊರಿನಲ್ಲಿ ಹಾನಿಯೇ ಆಗಿಲ್ಲವೆಂದು ಕಾಗದ ಹೇಳುತ್ತದೆ.

ಕಾಫಿ ಕೊಯ್ಲಿನ ಹೊತ್ತಿಗೆ ಗಿಡದ ಬುಡದಲ್ಲಿ ಪುಟ್ಟ ಮರಿಯೊಂದು ಸಿಕ್ಕಿತು. ಮನೆಗೆ ತಂದು ಹಾಲು ಕುಡಿಸುತ್ತಿದ್ದೇವೆ. ಸರಿಯೇ?
— ಓದುಗರೊಬ್ಬರು, ಪೊನ್ನಂಪೇಟೆ

ಅಕ್ಕಾ, ಈ ಉತ್ತರ ಅಚ್ಚಾಗುವವರೆಗೆ ಕಾಯದೆ ನಿಮಗೆ ಸಂಪಾದಕರ ಮೂಲಕ ವಿಷಯ ಮುಟ್ಟಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಆ ಮರಿ ಅನಾಥವಾಗಿರಲಿಲ್ಲ. ತಾಯಿ ಮರಿಯನ್ನು ಪೊದೆಯಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ, ಹಾಲೂಡಿಸಲು ಮಾತ್ರ ಬರುತ್ತದೆ. ಅಲುಗಾಡದೆ ಮಲಗಿರುವುದೇ ಮರಿಗಿರುವ ರಕ್ಷಣೆ. ಮುಟ್ಟದೆ, ಆ ಸಾಲಿನ ಕೊಯ್ಲನ್ನು ಒಂದು ದಿನ ಮುಂದೂಡಿ, ನಾಯಿಗಳನ್ನು ಕಟ್ಟಿಹಾಕಿದರೆ ಸಾಕು. ಗಾಯವಾಗಿದ್ದರೆ ವಲಯ ಅರಣ್ಯಾಧಿಕಾರಿಗೆ ತಿಳಿಸಬೇಕು. ಅವರು ಬರುವವರೆಗೆ ಕಣ್ಣಿಗೆ ಬಟ್ಟೆ ಮುಚ್ಚಿ, ಜನರನ್ನು ದೂರ ಕಳಿಸಿ. ಬೆದರಿದ ಜಿಂಕೆ, ಮೈಮೇಲೆ ಒಂದು ಗಾಯವೂ ಇಲ್ಲದೆ, ಬರೀ ಹಿಡಿದಾಟದ ಆಘಾತದಿಂದಲೇ ಸಾಯುತ್ತದೆ.

ನಮ್ಮ ಮಗ ಅಮೆರಿಕದಲ್ಲಿದ್ದಾನೆ. ಸ್ನೇಹಿತರೊಡನೆ ಈ ಬಾರಿ ಜಿಂಕೆ ಬೇಟೆಗೆ ಹೋಗುವುದಾಗಿ ಹೇಳುತ್ತಾನೆ. ಅಲ್ಲಿ ಸರಿಯಾದದ್ದು ಇಲ್ಲಿ ಏಕೆ ಅಪರಾಧ? ಅವನಿಗೆ ಏನು ಹೇಳಲಿ?
— ಓದುಗರೊಬ್ಬರು, ಕುಶಾಲನಗರ

ಅಲ್ಲಿನ ಬಿಳಿಬಾಲದ ಜಿಂಕೆಗಳ ಸಂಖ್ಯೆ ಸುಮಾರು 3 ಕೋಟಿ. ಅವುಗಳನ್ನು ಹಿಡಿಯುತ್ತಿದ್ದ ತೋಳ ಮತ್ತು ಪ್ಯೂಮಾಗಳನ್ನು ಅಲ್ಲಿನವರು ದೇಶದ ಪೂರ್ವಭಾಗದಲ್ಲಿ ಬಹುತೇಕ ಅಳಿಸಿಬಿಟ್ಟರು. ಈಗ ಆ ಕೆಲಸವನ್ನು ಪರವಾನಗಿ ಪಡೆದ ಬೇಟೆಗಾರರು, ನಿಗದಿಯಾದ ಋತುವಿನಲ್ಲಿ, ನಿಗದಿಯಾದ ಸಂಖ್ಯೆಯಲ್ಲಿ ಮಾಡುತ್ತಾರೆ. ಕೋವಿ ಮತ್ತು ತೋಟಾಗಳ ಮಾರಾಟದ ಮೇಲಿನ ವಿಶೇಷ ತೆರಿಗೆಯ ಹಣ 1937ರ ಕಾಯ್ದೆಯಂತೆ ವನ್ಯಜೀವಿಗಳ ಪಾಲನೆಗೇ ಹೋಗುತ್ತದೆ. ನಮ್ಮಲ್ಲಿ ಹುಲಿ ಇನ್ನೂ ಉಳಿದಿದೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಕಡವೆಯನ್ನು ನಾವು ತಿಂದರೆ ಹುಲಿ ದನದ ಕೊಟ್ಟಿಗೆಗೆ ಬರುತ್ತದೆ, ಆಮೇಲೆ ಹುಲಿ ಬಂತೆಂದು ರಸ್ತೆ ತಡೆ ಮಾಡುವವರೂ ನಾವೇ.

ಮಗನಿಗೆ ಇಷ್ಟು ತಿಳಿಸಿ. ಬೇಟೆಯ ತರಬೇತಿಯನ್ನು ಅಲ್ಲಿನ ಹೆಚ್ಚಿನ ರಾಜ್ಯಗಳು ಕಡ್ಡಾಯ ಮಾಡಿವೆ. ಅದನ್ನು ಕಾಟಾಚಾರಕ್ಕೆ ಮುಗಿಸದಿರಲಿ. ಕಿತ್ತಳೆ ಅಂಗಿಯನ್ನು ತೆಗೆಯದಿರಲಿ, ಅದು ಇನ್ನೊಬ್ಬ ಬೇಟೆಗಾರನ ಕಣ್ಣಿಗಾಗಿ. ಮರದ ಅಟ್ಟಣೆ ಹತ್ತುವಾಗ ಮೈಗೆ ಪಟ್ಟಿ ಕಟ್ಟಿಕೊಳ್ಳಲಿ. ಅಲ್ಲಿನ ಬೇಟೆಗಾರರಿಗಾಗುವ ಅಪಘಾತಗಳಲ್ಲಿ ಅಟ್ಟಣೆಯಿಂದ ಬೀಳುವುದು ಬಹಳ ಸಾಮಾನ್ಯ. ಅಲ್ಲಿನ ಜಿಂಕೆಗಳಲ್ಲಿ ಮಿದುಳನ್ನು ಸವೆಸುವ ಕಾಯಿಲೆಯೊಂದಿದೆ, ಅದು ಹರಡಿರುವ ಕಡೆ ಪರೀಕ್ಷೆ ಮಾಡಿಸದೆ ಮಾಂಸ ತಿನ್ನಬಾರದು. ಪ್ರಾಣಿ ಅಡ್ಡ ನಿಂತಾಗ, ಮುಂಗಾಲಿನ ಹಿಂದೆ ಶ್ವಾಸಕೋಶಕ್ಕೆ ಗುರಿ ಸಿಕ್ಕದಿದ್ದರೆ ಬೆರಳನ್ನು ಕೋವಿಯ ಕುದುರೆಯ (ಟ್ರಿಗರ್) ಮೇಲಿಂದ ತೆಗೆದುಬಿಡಲಿ. ಹೊಡೆದ ಮೇಲೆ ಅದು ಓಡಿದರೆ, ನಿಂತಿದ್ದ ಜಾಗವನ್ನು ಗುರುತಿಟ್ಟುಕೊಂಡು ಕನಿಷ್ಠ ಅರ್ಧ ಗಂಟೆ ಕುಳಿತಲ್ಲೇ ಕುಳಿತಿರಲಿ. ಕೊಂಬನ್ನು ಸೂಟ್‌ಕೇಸಿನಲ್ಲಿಟ್ಟು ಊರಿಗೆ ತರುವ ಯೋಚನೆಯಂತೂ ಬೇಡವೇ ಬೇಡ.

ಬೇಟೆಯ ದಿನಗಳ ಬಗ್ಗೆ ಬರೆದಿರಿ, ಬಿಟ್ಟದ್ದು ಏಕೆಂದು ಬರೆಯಲಿಲ್ಲ. ಕಾನೂನು ಬಂತೆಂದೇ?
— ಓದುಗರೊಬ್ಬರು, ಗೋಣಿಕೊಪ್ಪಲು

ಕಾನೂನು ಬಂದಾಗ ಬಿಟ್ಟೆ, ನಿಜ. ಆದರೆ ಅದಕ್ಕೂ ಮೊದಲೇ ಕೈ ಹಿಂಜರಿಯುತ್ತಿತ್ತು. 1966ರ ಡಿಸೆಂಬರಿನಲ್ಲಿ, ಬೆಳದಿಂಗಳ ರಾತ್ರಿ, ನಮ್ಮ ಬಾಣೆಯ ಕೆಳಗಿನ ಹಡ್ಲಿನ (ಜೌಗು ಹುಲ್ಲುಗಾವಲಿನ) ಅಂಚಿನಲ್ಲಿ ಅಪ್ಪನ ಜೋಡುನಳಿಗೆ ಕೋವಿ ಹಿಡಿದು ಮರಸು ಕುಳಿತಿದ್ದೆ, ಅಂದರೆ ಅಡಗಿ ಕಾಯುತ್ತಿದ್ದೆ. ದೊಡ್ಡ ಕಡವೆಯೊಂದು ಬಂತು, ಎಡಗೊಂಬಿನ ಒಂದು ಕವಲು ಮುರಿದಿತ್ತು. ಅದು ತಿರುಗುವವರೆಗೆ ತಡೆಯದೆ ಹೊಡೆದೆ. ಟಾರ್ಚಿನ ಬೆಳಕಿನಲ್ಲಿ ಹುಲ್ಲಿನ ಮೇಲಿದ್ದ ರಕ್ತವನ್ನು ಬೆರಳಿಗೆ ಹಚ್ಚಿ ನೋಡಿದರೆ ಹಸಿರು ಮೇವಿನ ಚೂರುಗಳಿದ್ದವು. ಗುಂಡು ಹೊಟ್ಟೆಗೆ ಬಿದ್ದಿದೆ ಎಂದರ್ಥ. ಆಗ ಬೆಳಗಾಗುವವರೆಗೆ ಸುಮ್ಮನಿರಬೇಕಿತ್ತು. ಸುಮ್ಮನಿದ್ದಿದ್ದರೆ ಅದು ಹತ್ತಿರದಲ್ಲೇ ಎಲ್ಲಾದರೂ ಮಲಗುತ್ತಿತ್ತು. ನಾನು ಇಬ್ಬರು ಗೆಳೆಯರನ್ನು ಕೂಗಿ ಕರೆದು ಗದ್ದಲ ಮಾಡಿಕೊಂಡು ಹಿಂದೆ ಬಿದ್ದೆ. ಅದು ಎದ್ದು ಹೊಳೆ ದಾಟಿತು, ಆಚೆ ದಡದಲ್ಲಿ ಜಾಡು ತಪ್ಪಿತು.

ನಾಲ್ಕನೆಯ ದಿನ ರಣಹದ್ದುಗಳು ಸುತ್ತುತ್ತಿದ್ದುದನ್ನು ನೋಡಿ ಹೋದೆವು. ಆ ಕಾಲದಲ್ಲಿ ನಮ್ಮಲ್ಲಿ ರಣಹದ್ದುಗಳಿದ್ದವು. ಮುರಿದ ಕವಲಿನಿಂದ ಗುರುತು ಹಿಡಿದೆ. ಕೊಂಬನ್ನು ತರಲು ಅಪ್ಪ ಬಿಡಲಿಲ್ಲ, ಬೈಯಲೂ ಇಲ್ಲ. ಮುಂದಿನ ಕೈಲ್ ಮುಹೂರ್ತದಂದು ಕನ್ನಿಕೊಂಬರೆಯಿಂದ ಕೋವಿಗಳನ್ನು ಹೊರತೆಗೆದಾಗ ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸುವ ಕೆಲಸವನ್ನು ಎಂದಿನಂತೆ ನನಗೇ ಕೊಟ್ಟರು. ಪೂಜೆ ಮುಗಿದು, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸರದಿ ನಮ್ಮ ಮನೆಗೆ ಬಂದಾಗ, ನನ್ನ ಕೈಯಲ್ಲಿದ್ದ ಕೋವಿಯನ್ನು ತೆಗೆದುಕೊಂಡು ತಮ್ಮನ ಹೆಸರು ಹಿಡಿದು ಕರೆದರು.