ಹಳೆಯ ಡ್ಯಾಟ್ಸನ್ 240ಝೆಡ್: ಕೊಳ್ಳುವವರ, ಕೊಂಡವರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ನಿಸ್ಸಾನ್ ಕಂಪನಿ ಡ್ಯಾಟ್ಸನ್ ಎಂಬ ಬ್ರ್ಯಾಂಡಿನಲ್ಲಿ ಮಾರಿದ 240ಝೆಡ್ ಎಂಬ ಸ್ಪೋರ್ಟ್ಸ್ ಕಾರಿನ ಬಗ್ಗೆ ಓದುಗರೊಬ್ಬರಿಗೆ ಕೊಟ್ಟ ಚಿಕ್ಕ ಉತ್ತರವನ್ನು ನೋಡಿ ಹಲವರು ಪತ್ರ ಬರೆದಿದ್ದಾರೆ. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು. ಜಪಾನಿನಲ್ಲಿ 1969ರ ಕೊನೆಗೆ ನಿಸ್ಸಾನ್ ಫೇರ್‌ಲೇಡಿ ಝೆಡ್ ಎಂಬ ಹೆಸರಿನಲ್ಲಿ ಹೊರಬಂದ ಈ ಕಾರನ್ನು ಅಮೆರಿಕದಲ್ಲಿ 240ಝೆಡ್ ಎಂದು ಮಾರಲಾಯಿತು. ಅಲ್ಲಿ ಕಂಪನಿಯ ಹೊಣೆ ಹೊತ್ತಿದ್ದ ಯುಟಾಕಾ ಕಟಯಾಮಾ ಅವರಿಗೆ ಆ ಮೂಲ ಹೆಸರು ಒಪ್ಪಿಗೆಯಾಗಿರಲಿಲ್ಲ. ಆರಂಭದ ಬೆಲೆ 3,526 ಡಾಲರ್. ಈಗ ಈ ಕಾರಿನ ಸುತ್ತ ದೊಡ್ಡ ವ್ಯಾಪಾರವೇ ಬೆಳೆದಿರುವುದರಿಂದ, ಕೊಳ್ಳುವ ವಿಚಾರಕ್ಕೆ ಈ ಬಾರಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎರಡು ಕಾರುಗಳನ್ನು ನೋಡಿದ್ದೇನೆ. ಒಂದು 1972ರದ್ದು, ಹೊಸ ಕೆಂಪು ಬಣ್ಣ ಹೊಡೆಸಿದ್ದಾರೆ, ಎಂಜಿನ್ ಈಚೆಗೆ ಬಿಚ್ಚಿ ಕಟ್ಟಿದ್ದು, ಮುಟ್ಟಿದರೆ ಸಾಕು ಸ್ಟಾರ್ಟ್ ಆಗುತ್ತದೆ. ಇನ್ನೊಂದು 1971ರದ್ದು; ನೆವಾಡಾದಲ್ಲಿ ಒಬ್ಬರೇ ಮಾಲೀಕರ ಬಳಿ ಇದ್ದದ್ದು, ಬಣ್ಣ ಮಾಸಿದೆ, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದೆ, ಎಂಜಿನ್ ನೀಲಿ ಹೊಗೆ ಬಿಡುತ್ತದೆ. ಮನೆಯವರೆಲ್ಲರೂ ಕೆಂಪು ಕಾರನ್ನೇ ಮೆಚ್ಚಿದ್ದಾರೆ. ಯಾವುದನ್ನು ಕೊಳ್ಳಲಿ?
– ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ತಳದ ತಗಡು ಗಟ್ಟಿಯಾಗಿದ್ದರೆ ಮಾಸಿದ ಕಾರನ್ನೇ ಕೊಳ್ಳಿ. ಈ ಕಾರಿನ ವಿಷಯದಲ್ಲಿ ಎಂಜಿನ್‌ಗೆ ಕೊಡುವ ಹಣ ಕಡಿಮೆ, ತಗಡಿಗೆ ಕೊಡುವ ಹಣ ಹೆಚ್ಚು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಇದರ ಎಲ್24 ಎಂಜಿನ್ ಸಾಲಾಗಿ ಆರು ಸಿಲಿಂಡರ್ ಇರುವ, ಕಬ್ಬಿಣದ ಬ್ಲಾಕ್‌ನ ಸರಳ ಯಂತ್ರ. ಅದನ್ನು ಇಳಿಸಿ, ರಿಬೋರ್ ಮಾಡಿಸಿ, ಹೊಸ ರಿಂಗ್ ಹಾಕಿ ಮತ್ತೆ ಕೂರಿಸುವುದು ಒಳ್ಳೆಯ ಮೆಕ್ಯಾನಿಕ್ ಒಬ್ಬನ ಎಂದಿನ ಕೆಲಸ. ಬೇಕಾದ ಭಾಗಗಳೂ ಸಿಗುತ್ತವೆ. ದೇಹದ ಸ್ಥಿತಿ ಹಾಗಲ್ಲ. ಈ ಕಾರಿಗೆ ಲಾರಿಯ ಹಾಗೆ ಬೇರೆಯಾದ ಚಾಸಿಸ್ ಇಲ್ಲ. ನೆಲದ ತಗಡು, ಅದರ ಕೆಳಗೆ ಬೆಸೆದ ಉದ್ದನೆಯ ರೈಲುಗಳು (ತೊಲೆಯಂಥ ತಗಡಿನ ಪಟ್ಟಿಗಳು) ಮತ್ತು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಅಂಚುಗಳು ಸೇರಿಯೇ ಕಾರಿನ ಬಲವಾಗಿರುವುದರಿಂದ, ಅವುಗಳಿಗೆ ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಯೇ ಸವೆದಂತೆ. ತಗಡು ತೆಳುವಾಗಿತ್ತು, ಆ ಕಾಲದ ತುಕ್ಕುನಿರೋಧಕ ಲೇಪವೂ ಅಷ್ಟಕ್ಕಷ್ಟೆ.

ಎಲ್ಲೆಲ್ಲಿ ನೋಡಬೇಕು ಎಂದರೆ, ಮೊದಲು ಬ್ಯಾಟರಿ ಕೂರುವ ತಟ್ಟೆ. ಬ್ಯಾಟರಿಯ ಆಸಿಡ್ ಹನಿದು ಆ ತಟ್ಟೆಯನ್ನೂ ಅದರ ಕೆಳಗಿನ ರೈಲನ್ನೂ ತಿಂದಿರುತ್ತದೆ. ಅನಂತರ ಮುಂಗಾಜಿನ ಬುಡ: ಅಲ್ಲಿ ಗಾಳಿ ಒಳಹೋಗುವ ಜಾಲರಿಯ ಕೆಳಗೆ ಎಲೆ, ಕಸ ಸೇರಿಕೊಂಡು ನೀರು ಹರಿದುಹೋಗುವ ತೂತು ಮುಚ್ಚಿಹೋಗುತ್ತದೆ, ನಿಂತ ನೀರು ವರ್ಷಗಟ್ಟಲೆ ಒಳಗೇ ಕೆಲಸ ಮಾಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಬಾಗಿಲ ಹಿಂದೆ, ಹಿಂಚಕ್ರದ ಮುಂದಿರುವ ಮೂಲೆಗೆ ಬಲ್ಲವರು ಡಾಗ್‌ಲೆಗ್ ಎನ್ನುತ್ತಾರೆ; ಚಕ್ರ ಎರಚುವ ಕೆಸರು ಅಲ್ಲಿ ಕೂತುಬಿಡುತ್ತದೆ. ಹಿಂಬಾಗಿಲಿನ ಕೆಳಗಿನ ಅಂಚು ಮತ್ತು ಸ್ಟೆಪ್ನಿ ಇಡುವ ಕುಳಿ ಕೂಡ ಇದೇ ಜಾತಿಯವು. ಕಾರ್ಪೆಟ್ ಎತ್ತಿ ನೆಲ ನೋಡಲು ಬಿಡದ ಮಾರಾಟಗಾರರ ಬಳಿ ಮುಂದಿನ ಮಾತು ಬೇಡ.

ಹೊಸ ಬಣ್ಣದ ವಿಷಯದಲ್ಲಿ ನಮ್ಮವರ ಹಳೆಯ ಮಾತೇ ಸರಿ: ಮೇಲೆ ಥಳಕು, ಒಳಗೆ ಹುಳುಕು. ನಾನು ಕೊಂಡ ಮೊದಲ 240ಝೆಡ್ ಕೂಡ ಹೊಸ ಬಣ್ಣದ್ದೇ. ಅದರ ಡಾಗ್‌ಲೆಗ್ ಮೇಲೆ, ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ನಾನು ಇಟ್ಟುನೋಡಿದ್ದು ಹಣ ಕೊಟ್ಟು ಎರಡು ತಿಂಗಳಾದ ಮೇಲೆ. ಅದು ಅಂಟಿಕೊಳ್ಳದೆ ಜಾರಿ ಬಿತ್ತು. ಒಳಗಿದ್ದದ್ದು ಬೆರಳು ದಪ್ಪದ ಪುಟ್ಟಿ. ಆ ಮೂಲೆಯನ್ನು ಬಿಡಿಸಿದಾಗ ನೆಲದ ರೈಲೂ ಹೋಗಿರುವುದು ತಿಳಿಯಿತು, ಮತ್ತು ಟಿಂಕರಿಂಗ್ ಕೆಲಸಕ್ಕೆ ಆದ ಖರ್ಚು ಕಾರಿನ ಬೆಲೆಯನ್ನು ಮೀರಿತು. ಆದ್ದರಿಂದ ಕೆಂಪು ಕಾರಿನ ಮಾಲೀಕರಲ್ಲಿ ಒಂದೇ ಒಂದನ್ನು ಕೇಳಿ: ಬಣ್ಣ ಹೊಡೆಯುವ ಮೊದಲು, ತಗಡು ಬರಿದಾಗಿದ್ದಾಗ ತೆಗೆದ ಚಿತ್ರಗಳಿವೆಯೇ? ಪ್ರಾಮಾಣಿಕವಾಗಿ ಕೆಲಸ ಮಾಡಿಸಿದವರು ಆ ಚಿತ್ರಗಳನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಇನ್ನೊಂದು ಪರೀಕ್ಷೆಯೂ ಉಂಟು. ಬಾಗಿಲು ಮುಚ್ಚಿದ್ದಾಗ ಅದರ ಸುತ್ತಲಿನ ಸಂದನ್ನು ಗಮನಿಸಿ, ಬಳಿಕ ಕಾರಿನ ಒಂದು ಬದಿಯನ್ನು ಜ್ಯಾಕ್ ಹಾಕಿ ಎತ್ತಿಸಿ, ಸಂದು ಕಿರಿದಾಯಿತೇ, ಬಾಗಿಲು ತೆರೆಯಲು ಬಿಗಿಯಾಯಿತೇ ನೋಡಿ. ಹಾಗಾದರೆ ಆ ದೇಹ ಬಾಗುತ್ತಿದೆ ಎಂದರ್ಥ. ಆ ಕಾರನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ.

ನೆವಾಡಾದ ಒಣ ಹವೆ ಡ್ಯಾಶ್‌ಬೋರ್ಡ್ ಒಡೆದು, ರಬ್ಬರನ್ನು ಗಟ್ಟಿ ಮಾಡಿರುತ್ತದೆ, ತಗಡನ್ನು ಉಳಿಸಿರುತ್ತದೆ. ಈ ವಿನಿಮಯ ನಿಮಗೆ ಲಾಭದ್ದೇ.

240, 260, 280 ಎಂಬ ಮೂರರಲ್ಲಿ ಮೊದಲ ಬಾರಿಗೆ ಕೊಳ್ಳುವವರಿಗೆ ಯಾವುದು ಸೂಕ್ತ? 280 ಅಗ್ಗವಾಗಿ ಕಾಣುತ್ತದೆ.
– ಓದುಗರು, ಸ್ಯಾನ್ ಡಿಯಾಗೊ

ಅಮೆರಿಕದಲ್ಲಿ ಮಾರಾಟವಾದವುಗಳ ಮಟ್ಟಿಗೆ ಹೇಳುವುದಾದರೆ 240ಝೆಡ್ 1970ರಿಂದ 1973ರವರೆಗಿನದು, 2,393 ಸಿಸಿ, ಎರಡು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ). 260ಝೆಡ್ 1974ರದ್ದು, 2,565 ಸಿಸಿ. 1975ರಿಂದ 1978ರವರೆಗಿನ 280ಝೆಡ್‌ನಲ್ಲಿ 2,753 ಸಿಸಿ ಎಂಜಿನ್ ಮತ್ತು ಕಾರ್ಬುರೇಟರ್ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ, ಬಾಷ್ ಮಾದರಿಯ ಇಂಧನ ಇಂಜೆಕ್ಷನ್ ಬಂದವು. ಅಪಘಾತ ಸುರಕ್ಷತೆಯ ನಿಯಮಗಳಿಂದಾಗಿ ಬಂಪರ್‌ಗಳು ದೊಡ್ಡವಾದವು, ತೂಕ ಏರಿತು. ಹಗುರವಾದ ಮೊದಲ ಕಾರು ಓಡಿಸಲು ಹೆಚ್ಚು ಚುರುಕು ಎಂಬುದು ನಿಜ. ಆದರೆ ಪ್ರತಿ ಭಾನುವಾರ ಯಾವ ಗೋಳೂ ಇಲ್ಲದೆ ಹೊರಡಬೇಕು ಎನ್ನುವವರಿಗೆ ಇಂಜೆಕ್ಷನ್ ಇರುವ 280 ನಿಜವಾಗಿಯೂ ಒಳ್ಳೆಯ ಕಾರು, ಅದನ್ನು ಕೀಳಾಗಿ ನೋಡುವುದು ಸರಿಯಲ್ಲ.

ನೀವು ಕ್ಯಾಲಿಫೋರ್ನಿಯಾದಲ್ಲಿರುವುದರಿಂದ ಒಂದು ವಿಷಯ ಬಹಳ ಮುಖ್ಯ. ಅಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. 1976ರಿಂದ ಮುಂದಿನವಕ್ಕೆ ಇಲ್ಲ. ಹಾಗಾಗಿ 1975ರ 280ಝೆಡ್‌ಗೂ 1976ರ 280ಝೆಡ್‌ಗೂ ನೋಡಲು ವ್ಯತ್ಯಾಸವಿಲ್ಲದಿದ್ದರೂ ಒಡೆತನದ ಕಷ್ಟದಲ್ಲಿ ಬಹಳ ವ್ಯತ್ಯಾಸವಿದೆ. 1976ರದ್ದನ್ನು ಕೊಳ್ಳುವಾಗ ಮೂಲ ಹೊಗೆ ನಿಯಂತ್ರಣ ಭಾಗಗಳೆಲ್ಲ ಇವೆಯೇ ಎಂದು ನೋಡಿಕೊಳ್ಳಿ; ಹಿಂದಿನ ಮಾಲೀಕರು ಬಿಚ್ಚಿ ಎಸೆದಿದ್ದರೆ ಅವನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ.

1973ರ 240 ಮತ್ತು 1974ರ 260ರಲ್ಲಿ ಬಂದ ಚಪ್ಪಟೆ ತಲೆಯ ಕಾರ್ಬುರೇಟರ್‌ಗಳು ಬಿಸಿಯಾದಾಗ ಪೆಟ್ರೋಲನ್ನು ಕುದಿಸಿ ಎಂಜಿನ್ ನಿಲ್ಲಿಸುವುದಕ್ಕೆ ಹೆಸರಾಗಿವೆ. ಹಲವರು ಅವನ್ನು ತೆಗೆದು ಹಿಂದಿನ ವರ್ಷಗಳ ಗುಂಡು ತಲೆಯವನ್ನು ಹಾಕಿಸಿದ್ದಾರೆ. ಅದು ದೋಷವಲ್ಲ, ಸುಧಾರಣೆ.

ಮೂಲ ಎಂಜಿನ್ ಎಂದು ಹೇಳಿ ಹೆಚ್ಚಿನ ಬೆಲೆ ಕೇಳುತ್ತಿದ್ದಾರೆ. ಅದನ್ನು ಖಚಿತಪಡಿಸಿಕೊಳ್ಳುವುದು ಹೇಗೆ?
– ಓದುಗರು, ಆಸ್ಟಿನ್, ಟೆಕ್ಸಸ್

ಎಂಜಿನ್ ಕೋಣೆಯಲ್ಲಿ ಲೋಹದ ಪಟ್ಟಿಯೊಂದಿದ್ದು, ಅದರಲ್ಲಿ ಕಾರಿನ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ಇರುತ್ತವೆ. ಎಡ ಸ್ಟಿಯರಿಂಗ್‌ನ 240ರಲ್ಲಿ ಕಾರಿನ ಸಂಖ್ಯೆ ಎಚ್‌ಎಲ್‌ಎಸ್30 ಎಂದು ಆರಂಭವಾಗುತ್ತದೆ. ಅದೇ ಸಂಖ್ಯೆ ಡ್ಯಾಶ್‌ಬೋರ್ಡ್ ಮೇಲಿನ ಪಟ್ಟಿಯಲ್ಲೂ, ಎಂಜಿನ್ ಹಿಂದಿನ ತಗಡುಗೋಡೆಯಲ್ಲಿ ಒತ್ತಿದ ಅಚ್ಚಿನಲ್ಲೂ ಇರಬೇಕು. ಎಂಜಿನ್ ಸಂಖ್ಯೆಯನ್ನು ಬ್ಲಾಕ್ ಮೇಲೆಯೇ ಒತ್ತಿರುತ್ತಾರೆ. ಜಿಡ್ಡು ಒರೆಸಿ ಪಟ್ಟಿಯ ಸಂಖ್ಯೆಯೊಂದಿಗೆ ಹೋಲಿಸಿ. ಪಟ್ಟಿಯ ರಿವೆಟ್‌ಗಳು ಹೊಸದಾಗಿ ಹೊಳೆಯುತ್ತಿದ್ದರೆ ಅದನ್ನು ಬೇರೆಡೆಯಿಂದ ತಂದಿರಬಹುದೇ ಎಂದು ವಿಚಾರಿಸಿ. ಮೊದಲ ಕಂತಿನ ಕಾರುಗಳಲ್ಲಿ ಗಾಳಿ ಹೊರಹೋಗುವ ಕಿಂಡಿಗಳು ಹಿಂಬಾಗಿಲಿನ ಮೇಲೇ ಇದ್ದವು, 1971ರಲ್ಲಿ ಅವು ಹಿಂಬದಿಯ ಕಂಬಕ್ಕೆ ಸರಿದವು. ಹಿಂಬಾಗಿಲಿನ ಮೇಲೆ ಕಿಂಡಿಯಿರುವ ಆ ಮೊದಲ ಕಾರುಗಳಿಗೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಓಡಿಸುವ ಸುಖಕ್ಕೆ ಕೊಳ್ಳುವವರು ಅದಕ್ಕಾಗಿ ಹಣ ತೆರಬೇಕಿಲ್ಲ.

ಮಾವನವರು ಬಿಟ್ಟುಹೋದ 1973ರ ಕಾರು ಗ್ಯಾರೇಜಿನಲ್ಲಿ ಎಂಟು ವರ್ಷದಿಂದ ನಿಂತಿದೆ. ಹೊಸ ಬ್ಯಾಟರಿ ತಂದಿದ್ದೇನೆ. ಸ್ಟಾರ್ಟ್ ಮಾಡಬಹುದೇ? ಆಮೇಲೆ ಅದನ್ನು ನೋಡಿಕೊಳ್ಳುವ ಬಗೆ ಹೇಗೆ?
– ಓದುಗರು, ಎಡಿಸನ್, ನ್ಯೂಜೆರ್ಸಿ

ದಯವಿಟ್ಟು ಬ್ಯಾಟರಿಯನ್ನು ಈಗಲೇ ಜೋಡಿಸಬೇಡಿ. ಎಂಟು ವರ್ಷ ನಿಂತ ಪೆಟ್ರೋಲ್ ಅಂಟಾಗಿ, ವಾರ್ನಿಷ್ ವಾಸನೆ ಬರುತ್ತಿರುತ್ತದೆ; ಅದು ಕಾರ್ಬುರೇಟರ್‌ಗೆ ಹೋದರೆ ಸಣ್ಣ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಟ್ಯಾಂಕ್ ಬರಿದು ಮಾಡಿಸಿ, ಪೆಟ್ರೋಲ್ ಸಾಗುವ ಎಲ್ಲ ರಬ್ಬರ್ ಕೊಳವೆಗಳನ್ನೂ ಎಥೆನಾಲ್ ತಡೆಯುವಂಥವುಗಳಿಗೆ ಬದಲಾಯಿಸಿ. ಇಂದಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಐವತ್ತು ವರ್ಷದ ಹಿಂದಿನ ರಬ್ಬರ್ ಅದನ್ನು ತಾಳುವುದಿಲ್ಲ, ಮತ್ತು ಸೋರಿದ ಪೆಟ್ರೋಲ್ ಬೀಳುವುದು ಹೊಗೆ ಹೊರಬಿಡುವ ಬಿಸಿ ಎಕ್ಸಾಸ್ಟ್ ಮೇಲೆ, ಏಕೆಂದರೆ ಈ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿವೆ. ಈ ಕೆಲಸವನ್ನು ಮುಂದೂಡಬೇಡಿ ಎಂದು ನಾನು ಪ್ರತಿಯೊಬ್ಬರನ್ನೂ ಬೇಡಿಕೊಳ್ಳುತ್ತೇನೆ.

ಅನಂತರ ಆರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಸ್ಪ್ಯಾನರ್ ಹಿಡಿದು ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಎಣ್ಣೆ ಬದಲಿಸಿ, ಈಗ ಬ್ಯಾಟರಿ ಜೋಡಿಸಿ, ಪ್ಲಗ್ ಇಲ್ಲದೆಯೇ ಸ್ಟಾರ್ಟರ್‌ನಿಂದ ತಿರುಗಿಸುತ್ತ, ಡ್ಯಾಶ್‌ಬೋರ್ಡಿನ ಎಣ್ಣೆ ಒತ್ತಡದ ಮುಳ್ಳು ಏಳುವುದನ್ನು ಕಾಯಿರಿ. ಅದು ಎದ್ದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಬಹುದು. ರಸ್ತೆಗೆ ಇಳಿಸುವ ಮೊದಲು ಬ್ರೇಕಿನ ದ್ರವ, ಚಕ್ರದ ಸಿಲಿಂಡರ್‌ಗಳು, ಟೈರ್‌ಗಳು ಹೊಸದಾಗಲೇಬೇಕು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ಅದು ತಯಾರಾದ ವಾರವನ್ನೂ ಕೊನೆಯ ಎರಡು ತಯಾರಾದ ವರ್ಷವನ್ನೂ ಹೇಳುತ್ತವೆ. ಅಚ್ಚು ಸವೆದಿಲ್ಲ ಎಂದು ಹಳೆಯ ಟೈರನ್ನು ನಂಬಬೇಡಿ.

ಮುಂದಿನ ಪಾಲನೆಯಲ್ಲಿ ನಾನು ಹೆಚ್ಚು ಮಹತ್ವ ಕೊಡುವುದು ವಾಲ್ವ್ ಅಂತರಕ್ಕೆ, ಎಂದರೆ ತಿರುಗುವ ಕ್ಯಾಮ್ ದಂಡಕ್ಕೂ ವಾಲ್ವನ್ನು ಒತ್ತಿ ತೆರೆಯುವ ರಾಕರ್ ತೋಳಿಗೂ ನಡುವಿನ ಸಣ್ಣ ಸಂದಿಗೆ. ಎಂಜಿನ್ ಬಿಸಿಯಾಗಿದ್ದಾಗ ಗಾಳಿ ಒಳಬಿಡುವ ಇನ್‌ಟೇಕ್‌ಗೆ 0.25 ಮಿಲಿಮೀಟರ್, ಎಕ್ಸಾಸ್ಟ್‌ಗೆ 0.30 ಮಿಲಿಮೀಟರ್. ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಒಂದಿದ್ದರೆ ಒಂದು ಮಧ್ಯಾಹ್ನದಲ್ಲಿ ನೀವೇ ಮಾಡಬಹುದು. ಈ ಎಂಜಿನ್ ಹೊಲಿಗೆ ಯಂತ್ರದ ಹಾಗೆ ಮೆಲ್ಲನೆ ಟಿಕಟಿಕ ಎನ್ನುತ್ತಿರಬೇಕು. ಪೂರ್ತಿ ಮೌನವಾಗಿದ್ದರೆ ಅಂತರ ಕಡಿಮೆಯಾಗಿ ವಾಲ್ವ್ ಸುಡುತ್ತಿರಬಹುದು. ಕ್ಯಾಮ್ ಮೇಲೆ ರಾಕರ್‌ಗಳು ಉಜ್ಜಿಕೊಂಡು ಚಲಿಸುವುದರಿಂದ ಸತುವಿನ ಅಂಶ ಹೆಚ್ಚಿರುವ, ಹಳೆಯ ಎಂಜಿನ್‌ಗಳಿಗೆಂದೇ ತಯಾರಿಸಿದ ಎಣ್ಣೆ ಹಾಕಿ. ಕಾರ್ಬುರೇಟರ್‌ಗಳ ನೆತ್ತಿಯ ಮುಚ್ಚಳ ಬಿಚ್ಚಿ ಒಳಗಿನ ಎಣ್ಣೆಯ ಮಟ್ಟವನ್ನೂ ನೋಡುತ್ತಿರಿ. ಅದು ಒಣಗಿದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಎಡವುತ್ತದೆ, ಜನ ಸುಮ್ಮನೆ ಇಗ್ನಿಷನ್ ಕಡೆ ಬೊಟ್ಟು ಮಾಡುತ್ತಾರೆ. ರೇಡಿಯೇಟರ್‌ಗೆ ಬರೀ ನೀರು ಬೇಡ. ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು, ಬ್ಲಾಕ್ ಕಬ್ಬಿಣದ್ದು. ಕೂಲೆಂಟ್ ಇಲ್ಲದಿದ್ದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ.

ವಿದ್ಯುತ್ ವ್ಯವಸ್ಥೆಯಲ್ಲಿ ಒಂದು ಹಳೆಯ ದೌರ್ಬಲ್ಯವಿದೆ. ಹೆಡ್‌ಲೈಟಿನ ಇಡೀ ಕರೆಂಟ್ ಸ್ಟಿಯರಿಂಗ್ ಬಳಿಯ ಸ್ವಿಚ್ಚಿನ ಮೂಲಕವೇ ಹರಿಯುವುದರಿಂದ ಸ್ವಿಚ್ ಮತ್ತು ಫ್ಯೂಸ್ ಪೆಟ್ಟಿಗೆ ಬಿಸಿಯಾಗಿ ಕರಗುತ್ತವೆ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ರಿಲೇ ಎಂಬ ಸ್ವಿಚ್ ಹಾಕಿಸಿದರೆ ದೀಪವೂ ಪ್ರಖರವಾಗುತ್ತದೆ, ಪೆಟ್ಟಿಗೆಯೂ ಉಳಿಯುತ್ತದೆ. ಚಳಿಗಾಲದಲ್ಲಿ ನಿಮ್ಮ ಊರಿನ ರಸ್ತೆಗೆ ಉಪ್ಪು ಹಾಕುತ್ತಾರೆ. ಒಂದೆರಡು ಒಳ್ಳೆಯ ಮಳೆ ಬಂದು ಉಪ್ಪು ತೊಳೆದುಹೋಗುವವರೆಗೆ ಕಾರನ್ನು ಹೊರಗೆ ತೆಗೆಯಬೇಡಿ.

ಓಡಿಸುವಾಗ ಒಳಗೆಲ್ಲ ಹೊಗೆಯ ವಾಸನೆ. ಹೆಂಡತಿಗೆ ತಲೆನೋವು ಬರುತ್ತದೆ. ಸೈಲೆನ್ಸರ್ ಹೊಸದು.
– ಓದುಗರು, ಸಿಯಾಟಲ್

ಇದು ಈ ಕಾರಿಗೆ ಅಂಟಿಕೊಂಡ ತೊಂದರೆ. ಓಡುವಾಗ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಹೊಗೆ ಅಲ್ಲೇ ಸುಳಿದು, ಹಿಂಬದಿಯ ಸಂದುಗಳಿಂದ ಒಳಕ್ಕೆ ಬರುತ್ತದೆ. ಹಿಂಬಾಗಿಲಿನ ಸುತ್ತಲಿನ ರಬ್ಬರ್, ಹಿಂದೀಪಗಳ ಹಿಂದಿನ ಗ್ಯಾಸ್ಕೆಟ್, ತಂತಿಗಳು ಹಾದುಹೋಗುವ ತೂತುಗಳ ರಬ್ಬರ್ ಮೂರನ್ನೂ ಬದಲಿಸಿ. ಒಳಗೊಬ್ಬರು ಟಾರ್ಚ್ ಹಿಡಿದು, ಕತ್ತಲಲ್ಲಿ ಹೊರಗಿನಿಂದ ನೋಡಿದರೆ ಬೆಳಕು ಸೋರುವ ಜಾಗವೇ ಹೊಗೆ ಬರುವ ಜಾಗ. ಅಲ್ಲಿಯವರೆಗೆ ಕಿಟಕಿ ಇಳಿಸಿದರೆ ಸಾಕು ಎಂದುಕೊಳ್ಳಬೇಡಿ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ತಲೆನೋವು ಅದರದೇ ಸೂಚನೆ. ಸರಿಯಾಗುವವರೆಗೆ ಕಾರು ನಿಲ್ಲಿಸಿ.

ಇಂಥ ಕಾರನ್ನು ಬೆಂಗಳೂರಿನಲ್ಲಿ ನೋಂದಾಯಿಸಿ ದಿನಾ ಓಡಿಸಬಹುದೇ? ಭಾರತೀಯ ಮೂಲದವರೊಬ್ಬರು ಇದರಲ್ಲಿ ದೊಡ್ಡ ರ‍್ಯಾಲಿ ಗೆದ್ದಿದ್ದರು ಎಂದು ಕೇಳಿದ್ದೇನೆ, ನಿಜವೇ?
– ಓದುಗರು, ಜಯನಗರ, ಬೆಂಗಳೂರು

ದಿನಾ ಓಡಿಸಲಾಗದು. 2021ರ ಕೇಂದ್ರ ನಿಯಮಗಳ ಪ್ರಕಾರ ಐವತ್ತು ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಫಲಕದಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗೆ ತರಬಹುದು. ಹೊರದೇಶದಿಂದ ತರುವುದಾದರೆ ಆಮದಿನ ಅನುಮತಿ ಮತ್ತು ಸುಂಕದ ವಿಷಯ ಇದರಿಂದ ಬೇರೆಯೇ ಆದದ್ದು. ಕಾರಿಗೆ ಮುಂಗಡ ಕೊಡುವ ಮೊದಲು ಕಸ್ಟಮ್ಸ್ ಕೆಲಸ ಬಲ್ಲವರಿಂದ ಅದನ್ನು ಲಿಖಿತವಾಗಿ ತಿಳಿದುಕೊಳ್ಳಿ.

ರ‍್ಯಾಲಿಯ ಮಾತು ನಿಜ. ಉಗಾಂಡಾದಲ್ಲಿ ಹುಟ್ಟಿದ ಶೇಖರ್ ಮೆಹ್ತಾ ಅವರು 1973ರ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿಯನ್ನು 240ಝೆಡ್‌ನಲ್ಲಿ ಗೆದ್ದರು. ಸ್ವೀಡನ್ನಿನ ಹ್ಯಾರಿ ಶೆಲ್‌ಸ್ಟ್ರೋಮ್ ಅವರೊಂದಿಗೆ ಅಂಕಗಳು ಸಮವಾಗಿ, ಸಮಬಲ ಮುರಿಯುವ ನಿಯಮದಂತೆ ಮೆಹ್ತಾ ಅವರಿಗೆ ಜಯ ಸಂದಿತು. 1979ರಿಂದ 1982ರವರೆಗೆ ಅವರು ಸತತವಾಗಿ ಇನ್ನೂ ನಾಲ್ಕು ಬಾರಿ ಆ ರ‍್ಯಾಲಿಯನ್ನು ಗೆದ್ದರು, ಅವೂ ಡ್ಯಾಟ್ಸನ್ ಕಾರುಗಳಲ್ಲೇ. ಮೆಹ್ತಾ ಅವರ ಮೊದಲ ಗೆಲುವಿಗೆ ಎರಡು ವರ್ಷ ಮೊದಲು, 1971ರಲ್ಲಿ, ಎಡ್ಗರ್ ಹೆರ್ಮನ್ ಅವರು 240ಝೆಡ್‌ನಲ್ಲಿ ಇದೇ ರ‍್ಯಾಲಿ ಗೆದ್ದಿದ್ದರು. ಕೆಸರು, ಧೂಳು ಕುಡಿದ ಆ ಕಾರನ್ನು ನಿಸ್ಸಾನ್ ಜಪಾನಿನ ಝಾಮಾದಲ್ಲಿರುವ ತನ್ನ ಸಂಗ್ರಹದಲ್ಲಿ ಕಾಪಾಡಿಕೊಂಡಿದೆ.