ಕೋಳಿಯ ಬೆಲೆ ಬರೆದಿಟ್ಟವರು ಯಾರು?

ಹೊಸಪೇಟೆಯ ನಿವೃತ್ತ ಮೇಷ್ಟ್ರೊಬ್ಬರ ಕಾಗದ: "ನಿಮ್ಮ ಹಂಪಿ ವಿಶೇಷ ಸಂಚಿಕೆ ಪೂರ್ತಿ ಓದಿದೆ. ಯಾವ ಪುಟ ತೆಗೆದರೂ ಪಾಯಸ್ ಹೇಳಿದ, ನೂನಿಜ್ ಹೇಳಿದ, ಅಬ್ದುಲ್ ರಜಾಕ್ ಹೇಳಿದ. ನಮ್ಮ ಮನೆ ಹೇಗಿತ್ತು ಅಂತ ದಾರಿಹೋಕರನ್ನು ಕೇಳಬೇಕಾ? ಶಾಸನಗಳಿಲ್ಲವೇ? ಕನಕದಾಸರಿಲ್ಲವೇ? ಬಂದು ಹೋದವರಿಗೆ ಏನು ಗೊತ್ತು? ನಾವು ಇಲ್ಲಿಯೇ ಹುಟ್ಟಿ ಬೆಳೆದವರು. ನಮ್ಮ ತಾತ ತುಂಗಭದ್ರಾ ಡ್ಯಾಮಿಗೆ ಕಲ್ಲು ಹೊತ್ತವರು."

ಸಂಪಾದಕರ ಉತ್ತರ:

ಮೇಷ್ಟ್ರೇ, ಕಾಗದ ಖಾರವಾಗಿದೆ, ಓದಿ ಖುಷಿಯಾಯಿತು. ಸುಮ್ನೆ "ಸಂಚಿಕೆ ಚೆನ್ನಾಗಿದೆ" ಅಂತ ಬರೆಯುವವರೇ ಜಾಸ್ತಿ.

ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಕನಕದಾಸರು 'ಮೋಹನತರಂಗಿಣಿ'ಯಲ್ಲಿ ದ್ವಾರಕೆಯನ್ನು ವರ್ಣಿಸುವಾಗ ಅವರ ಕಣ್ಣ ಮುಂದೆ ಇದ್ದದ್ದು ವಿಜಯನಗರ ಅಂತ ಬಲ್ಲವರು ಹೇಳುತ್ತಾರೆ. ಅದಕ್ಕೆ ನಾವು ಒಂದು ಪುಟವನ್ನಾದರೂ ಕೊಡಬೇಕಿತ್ತು, ಒಪ್ಪಿದೆ. ಶಾಸನಗಳನ್ನೂ ನಾನು ತಳ್ಳಿಹಾಕುವುದಿಲ್ಲ. ಯಾವ ದೇವರಿಗೆ ಯಾವ ಹಳ್ಳಿ ಬಿಟ್ಟರು, ಎಲ್ಲೆ ಯಾವುದು, ಸುಂಕ ಯಾವುದು, ಎಲ್ಲ ಅದರಲ್ಲಿದೆ. ಆದರೆ ಸುಂಕ ಕೊಟ್ಟವನ ಗೊಣಗಾಟ ಅದರಲ್ಲಿಲ್ಲ. ನನಗೆ ಬೇಕಾದದ್ದು ಆ ಗೊಣಗಾಟ.

ಈಗ ಒಂದು ಪ್ರಶ್ನೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರದ ಪೇಟೆಯಲ್ಲಿ ಒಂದು ಕಾಸಿಗೆ ಎಷ್ಟು ಕೋಳಿ ಸಿಗುತ್ತಿದ್ದವು? ಯಾವ ಕವಿ ಹೇಳಿದ್ದಾನೆ, ಯಾವ ಕಲ್ಲು ಹೇಳುತ್ತದೆ? ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಹೇಳುತ್ತಾನೆ. 1520ರ ಆಸುಪಾಸಿನಲ್ಲಿ ಬಂದವನು. ತಮ್ಮ ದೇಶದ ಒಂದು ಸಣ್ಣ ನಾಣ್ಯದ ಬೆಲೆಗೆ ಪಟ್ಟಣದ ಒಳಗೆ ಮೂರು ಕೋಳಿ, ಹೊರಗೆ ಹೋದರೆ ನಾಲ್ಕು. ಪೇಟೆಗಿಂತ ಹಳ್ಳಿಯಲ್ಲಿ ಅಗ್ಗ ಅನ್ನುವುದು ಆಗಲೂ ಇತ್ತು ನೋಡಿ. ಇನ್ನೊಂದು ಮಾತು ನನಗೆ ಬಲು ಇಷ್ಟ. ಹೇರು ಹೊತ್ತ ಎತ್ತುಗಳ ಸಾಲು ಎಷ್ಟು ದೊಡ್ಡದಿತ್ತೆಂದರೆ, ಕೆಲವು ಬೀದಿಗಳಲ್ಲಿ ಅವು ದಾಟುವವರೆಗೂ ನಿಂತಿರಬೇಕು, ಇಲ್ಲದಿದ್ದರೆ ಬೇರೆ ದಾರಿ ಹಿಡಿಯಬೇಕು ಅಂತ ಬರೆಯುತ್ತಾನೆ. ಹಂಪಿಯಲ್ಲಿ ಟ್ರಾಫಿಕ್ ಜಾಮ್! ಅಲ್ಲೇ ಹುಟ್ಟಿದವನು ಇದನ್ನು ಯಾಕೆ ಬರೆಯುತ್ತಾನೆ? ಅವನಿಗೆ ಅದು ದಿನಾ ಇದ್ದದ್ದೇ.

ಇದೇ ಪಾಯಸ್ ರಾಯನನ್ನು ಹತ್ತಿರದಿಂದ ಕಂಡವನು. ಮಧ್ಯಮ ಎತ್ತರ, ಬಿಳಿ ಮೈಬಣ್ಣ, ತೆಳ್ಳಗಿನ ಆಳಲ್ಲ, ಸ್ವಲ್ಪ ದಪ್ಪವೇ, ಮುಖದ ಮೇಲೆ ಸಿಡುಬಿನ ಕಲೆ. ಬೆಳಕು ಹರಿಯುವ ಮುಂಚೆ ಎದ್ದು ಅರ್ಧ ಲೀಟರಿಗೆ ಹತ್ತಿರ ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೂ ಅದೇ ಎಣ್ಣೆ. ಆಮೇಲೆ ಭಾರ ಎತ್ತಿ, ಕತ್ತಿ ಬೀಸಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಧನೆ. ಆಮೇಲೆ ಕುಸ್ತಿ, ಕುದುರೆ ಸವಾರಿ. ನಮ್ಮ ಆಸ್ಥಾನ ಕವಿಗಳಿಗೆ ರಾಯ ಮನ್ಮಥ. ಸಿಡುಬಿನ ಕಲೆ ಕಾಣಲು ದಾರಿಹೋಕನೇ ಬರಬೇಕಾಯಿತು. ನಮ್ಮ ಸಿನಿಮಾಗಳ ಕೃಷ್ಣದೇವರಾಯನ ಕೆನ್ನೆಯಲ್ಲಿ ಒಂದು ಕಲೆ ಕಂಡಿದ್ದೀರಾ?

ಅಬ್ದುಲ್ ರಜಾಕ್ ಕಥೆಯೂ ಹೀಗೇ. ಈಗಿನ ಅಫ್ಘಾನಿಸ್ತಾನದ ಹೆರಾತಿನವನು, ಅಲ್ಲಿಯ ಶಾರುಖ್ ದೊರೆಯ ರಾಯಭಾರಿ. ಕಲ್ಲಿಕೋಟೆಗೆ ಬಂದಿದ್ದವನನ್ನು ಇಮ್ಮಡಿ ದೇವರಾಯ ಕರೆಸಿಕೊಂಡ. ಸಮುದ್ರದಲ್ಲಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1443ರಲ್ಲಿ ವಿಜಯನಗರ ಮುಟ್ಟಿದ. ಇಂಥ ಊರನ್ನು ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ ಅಂದನಲ್ಲ, ಅವನೇ. ಆ ಸಾಲು ಎಲ್ಲರಿಗೂ ಬಾಯಿಪಾಠ. ಆದರೆ ಆತ ತನ್ನ ದಿನದ ಪಡಿಯನ್ನೂ ಬರೆದಿದ್ದಾನೆ: ಎರಡು ಕುರಿ, ಎಂಟು ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ. ಇಲ್ಲಿಯ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಅನ್ನುವ ಅರ್ಥದ ಮಾತೂ ಇದೆ. ವೀಳ್ಯದೆಲೆಗಂತೂ ಮಾರುಹೋಗಿದ್ದ. ದೊರೆ ಅಷ್ಟೊಂದು ರಾಣಿಯರನ್ನು ಸಂಭಾಳಿಸುವುದು ಈ ಎಲೆಯ ಬಲದಿಂದಲೇ ಇರಬೇಕು ಅಂತ ಅವನ ಗುಮಾನಿ! ಕೊನೆಗೆ ಹೊರ್ಮುಜಿನ ವ್ಯಾಪಾರಿಗಳು "ಇವನು ನಿಜವಾದ ರಾಯಭಾರಿಯೇ ಅಲ್ಲ" ಅಂತ ಚಾಡಿ ಹೇಳಿದರಂತೆ. ಅದನ್ನೂ ಮುಚ್ಚಿಡದೆ ಬರೆದ. ಇಂಥವನನ್ನು ನಂಬದೆ ಇನ್ಯಾರನ್ನು ನಂಬೋಣ?

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಕೃಷ್ಣದೇವರಾಯನ ನಂತರ ಬಂದ ಅಚ್ಯುತರಾಯನ ಕಾಲದವನು. ಅರಮನೆಯಲ್ಲಿ ಹೆಂಗಸರು ಲೆಕ್ಕ ಬರೆಯುತ್ತಿದ್ದರು, ಕುಸ್ತಿ ಆಡುತ್ತಿದ್ದರು, ಜ್ಯೋತಿಷ್ಯ ಹೇಳುತ್ತಿದ್ದರು ಅಂತ ತಿಳಿದದ್ದು ಅವನಿಂದ. ಪೇಟೆಯಲ್ಲಿ ಇಲಿ, ಬೆಕ್ಕು, ಹಲ್ಲಿಗಳನ್ನೂ ಮಾರುತ್ತಿದ್ದರು, ಅದೂ ಜೀವಂತ, ಕೊಳ್ಳುವವನಿಗೆ ಏನು ಕೊಳ್ಳುತ್ತಿದ್ದೇನೆ ಅಂತ ಗೊತ್ತಿರಲಿ ಅಂತ. ಇದನ್ನು ಯಾವ ಗೈಡ್ ಹೇಳುತ್ತಾನೆ? ವಿರೂಪಾಕ್ಷ ಗುಡಿಯ ಮುಂದಿನ ಬೀದಿಯಲ್ಲಿ ನಿಂತು ಅವನು ಹೇಳುವುದು ಒಂದೇ, "ಇಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರ್ತಿದ್ರು ಸಾರ್."

ನಾನು ರೇಗುವುದು ಇಲ್ಲಿಯೇ. ನಾವು ಈ ಪ್ರವಾಸಿಗರಿಂದ ಹೊಗಳಿಕೆಯನ್ನಷ್ಟೇ ಆರಿಸಿಕೊಂಡೆವು. ರೋಮಿನಷ್ಟು ದೊಡ್ಡದು ಅಂದ ಪಾಯಸ್ ಬೇಕು. ಹೊಸಪೇಟೆ ಕಡೆಯ ಕೆರೆ ಕಟ್ಟುವಾಗ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ದುಡಿಯುತ್ತಿದ್ದರು, ಏರಿ ಒಡೆಯಿತು ಅಂತ ಮನುಷ್ಯರನ್ನು ಬಲಿ ಕೊಟ್ಟರು ಅಂತ ಬರೆದ ಅದೇ ಪಾಯಸ್ ಬೇಡ. 1565ರ ರಕ್ಕಸತಂಗಡಿ ಯುದ್ಧ ಆದಮೇಲೆ ಊರೆಲ್ಲ ನೆಲಸಮ ಅಂತ ಮಕ್ಕಳಿಗೆ ಹೇಳುತ್ತೇವೆ. ಎರಡು ವರ್ಷಕ್ಕೆ ವೆನಿಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಬಂದು ಏಳು ತಿಂಗಳು ಇದ್ದ. ಮನೆಗಳು ಇನ್ನೂ ನಿಂತಿವೆ, ಒಳಗೆ ಜನ ಇಲ್ಲ, ಹುಲಿಗಳು ಸೇರಿಕೊಂಡಿವೆ ಅಂತ ಬರೆದ. ನೆಲಸಮಕ್ಕಿಂತ ಇದು ಜಾಸ್ತಿ ಸಂಕಟ ಕೊಡುವುದಿಲ್ಲವೇ?

ಅವರೇನು ಸತ್ಯಹರಿಶ್ಚಂದ್ರರಲ್ಲ. ಇಟಲಿಯ ಪ್ರವಾಸಿ ನಿಕೊಲೊ ಕಾಂಟಿ ಊರಿನ ಸುತ್ತಳತೆ ಅರವತ್ತು ಮೈಲಿ ಅಂದುಬಿಟ್ಟ. ನೂನಿಜನ ಸೈನ್ಯದ ಲೆಕ್ಕವನ್ನು ಅರ್ಧ ಮಾಡಿಕೊಂಡೇ ಓದಬೇಕು. ಇರಲಿ. ಪಾಯಸ್, ನೂನಿಜರ ಬರಹ ಮೊದಲು ಅಚ್ಚಾದದ್ದೇ 1897ರಲ್ಲಿ, ಪೋರ್ಚುಗೀಸಿನಲ್ಲಿ. ಬ್ರಿಟಿಷ್ ಅಧಿಕಾರಿ ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದದ್ದು 1900ರಲ್ಲಿ. ಅದಕ್ಕೂ ಮುಂಚೆ ನಮ್ಮ ಹತ್ತಿರ ರಾಯನ ಸಿಡುಬು ಇರಲಿಲ್ಲ, ಕೋಳಿಯ ಬೆಲೆಯೂ ಇರಲಿಲ್ಲ.

ಈಗಲಾದರೂ ಬರೆಯುತ್ತಿದ್ದೇವಾ? ನನ್ನ ಮೇಜಿನ ಮೇಲೆ ಊರಹಬ್ಬದ, ಶಾಲೆಯ ಅಮೃತ ಮಹೋತ್ಸವದ ಸ್ಮರಣ ಸಂಚಿಕೆಗಳು ಬಂದು ಬೀಳುತ್ತಲೇ ಇರುತ್ತವೆ. ಮೊದಲ ಅರ್ಧ ಶುಭ ಸಂದೇಶ, ಮಂತ್ರಿಗಳ ಫೋಟೋ ಸಮೇತ. ಆಮೇಲೆ ಊರಿಗೆ ಯಾವ ಯಾವ ಗಣ್ಯರು ಬಂದಿದ್ದರು ಅನ್ನುವ ಪಟ್ಟಿ. ಬಂದವರು ಏನು ಕಂಡರು, ಅವರಿಗೆ ಯಾರ ಮನೆಯಲ್ಲಿ ಊಟ ಹಾಕಿದರು, ಉಪ್ಪಿಟ್ಟಾ ಹೋಳಿಗೆಯಾ, ಕೇಳಬೇಡಿ. ಕೊನೆಗೆ ಜಾಹೀರಾತು. ಐನೂರು ವರ್ಷ ಬಿಟ್ಟು ಇದನ್ನು ಓದುವವನಿಗೆ ನಮ್ಮ ಊರುಗಳಲ್ಲಿ ಶಾಲು, ಹಾರ ಬಿಟ್ಟರೆ ಬೇರೆ ಏನೂ ಇರಲಿಲ್ಲ ಅನ್ನಿಸೀತು.

ನಿಮ್ಮ ಡ್ಯಾಮಿನ ವಿಷಯಕ್ಕೇ ಬರೋಣ. 1945ರಲ್ಲಿ ಶುರುವಾಗಿ 1953ಕ್ಕೆ ಮುಗಿದ ಕೆಲಸ. ಸುರ್ಕಿ ಗಾರೆ (ಇಟ್ಟಿಗೆ ಪುಡಿ, ಸುಣ್ಣ ಬೆರೆಸಿದ್ದು), ಕಲ್ಲು ಹಾಕಿ ಕಟ್ಟಿದ್ದು ಅಂತ ಎಂಜಿನಿಯರುಗಳು ಹೆಮ್ಮೆಯಿಂದ ಹೇಳುತ್ತಾರೆ. ನೀರು ಎಷ್ಟು, ಎತ್ತರ ಎಷ್ಟು, ಗೇಟು ಎಷ್ಟು, ಎಲ್ಲ ಬಾಯಲ್ಲೇ ಇದೆ. ಕಲ್ಲು ಹೊತ್ತವರು ರಾತ್ರಿ ಎಲ್ಲಿ ಮಲಗುತ್ತಿದ್ದರು ಅಂತ ಕೇಳಿ, ಎಲ್ಲರೂ ಮುಖ ನೋಡುತ್ತಾರೆ. ಪಾಯಸ್ ಕಂಡ ಕೆರೆಯ ಆಳುಗಳನ್ನು ಇರುವೆಗಳ ಹಾಗೆ ಅಂತಲಾದರೂ ಒಬ್ಬ ಬರೆದ. ನಿಮ್ಮ ತಾತನಿಗೆ ಅಷ್ಟೂ ಸಿಕ್ಕಿಲ್ಲ.

ದಾರಿಹೋಕರನ್ನು ಯಾಕೆ ಕೇಳಬೇಕು ಅಂತ ನೀವು ಕೇಳಿದಿರಿ. ಆಯಿತು, ಕೇಳುವುದಿಲ್ಲ, ನಿಮ್ಮನ್ನೇ ಕೇಳುತ್ತೇನೆ. ಕಾಗದದ ತುಂಬ ನನಗೆ ಬೈದು, ತಾತನ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ದಿನಗೂಲಿ ಎಷ್ಟು ಕೊಡುತ್ತಿದ್ದರು? ವಾರಕ್ಕೊಮ್ಮೆ ಬಟವಾಡೆಯಾ, ತಿಂಗಳಿಗಾ? ಬುತ್ತಿಯಲ್ಲಿ ಜೋಳದ ರೊಟ್ಟಿ ಜೊತೆ ಏನಿರುತ್ತಿತ್ತು? ಮೇಸ್ತ್ರಿ ಯಾವ ಕಡೆಯವನು, ಏನಂತ ಬೈಯುತ್ತಿದ್ದ? ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಇವತ್ತೇ ಕೂತು ಕೇಳಿ ಬರೆದುಕೊಳ್ಳಿ. ವರ್ಣನೆ ಬೇಡ, ಹೆಮ್ಮೆಯೂ ಬೇಡ. ಹಾಳೆಯ ಒಂದೇ ಮಗ್ಗುಲಲ್ಲಿ, ಅಕ್ಷರ ಬಿಡಿಸಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗೆ ಬಿಟ್ಟಿರುತ್ತೇನೆ.