ಮಗಳು ಕಸ್ತೂರಬಾ ಶಾಲೆಯ ಹಾಸ್ಟೆಲ್‌ಗೆ ಹೊಂದಿಕೊಳ್ತಾಳಾ?

ಮಗಳಿಗೆ ಹನ್ನೊಂದು ವರ್ಷ, ಜೂನ್‌ನಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಕ್ಕೆ ಆರನೇ ತರಗತಿಗೆ ಸೇರಿಸ್ತಿದ್ದೀವಿ, ಅಲ್ಲಿ ದಿನ ಹೇಗೆ ಕಳೆಯುತ್ತೆ, ಅತ್ತರೆ ಏನು ಮಾಡೋದು ಅಂತ ಕೇಳಿದ್ದೀರಿ. ನಾನು ಆರರಿಂದ ಎಂಟರವರೆಗೆ ಉತ್ತರ ಕರ್ನಾಟಕದ ಅಂಥದೇ ಶಾಲೆಯಲ್ಲಿ ಇದ್ದು ಓದಿದವಳು. ನಮ್ಮೂರಲ್ಲಿ ಇದ್ದದ್ದು ಐದರವರೆಗಿನ ಶಾಲೆ. 2004ರಲ್ಲಿ ಕೇಂದ್ರ ಸರ್ಕಾರ ಹೆಣ್ಣುಮಕ್ಕಳು ಅಲ್ಲೇ ಉಳಿದು ಓದುವ ಈ ವಸತಿ ಶಾಲೆಗಳ ಯೋಜನೆ ತರದಿದ್ದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು. ಹಾಗಾಗಿ ಮೊದಲೇ ಹೇಳ್ತೀನಿ, ಧೈರ್ಯವಾಗಿ ಸೇರಿಸಿ.

ಹಗಲಿನ ಚಿಂತೆ ಬಿಡಿ. ನಸುಕಿಗೇ ಗಂಟೆ ಹೊಡೀತಾರೆ. ಬಕೆಟ್ ಹಿಡಿದು ಸ್ನಾನಕ್ಕೆ ಪಾಳಿ, ಪ್ರಾರ್ಥನೆ, ಉಪ್ಪಿಟ್ಟೋ ಚಿತ್ರಾನ್ನವೋ ತಿಂದು ಕ್ಲಾಸು. ಅಳೋದಕ್ಕೆ ಪುರುಸೊತ್ತೇ ಇರಲ್ಲ. ಕಷ್ಟ ಸಂಜೆಯದು. ಆಟ ಮುಗಿದು, ಓದೋ ಗಂಟೆ ಇನ್ನೂ ಹೊಡೆಯದ ಆ ಹೊತ್ತಲ್ಲಿ ಹೊಸ ಮಕ್ಕಳು ಗೇಟಿನ ಕಡೆ ನೋಡುತ್ತ ಕೂತುಬಿಡ್ತಾರೆ. ಆಗ ಅವರನ್ನು ಎಬ್ಬಿಸಿಕೊಂಡು ಹೋಗೋರು ಹೆಚ್ಚಾಗಿ ಎಂಟನೇ ತರಗತಿಯ ಹುಡುಗಿಯರು.

ನನಗೆ ಹೆರಳು ಹಾಕಿಕೊಳ್ಳೋಕೆ ಬರ್ತಿರಲಿಲ್ಲ, ಮನೇಲಿ ಅವ್ವ ಹಾಕ್ತಿದ್ದಳು. ಮೊದಲ ವಾರವೇ ಎಂಟನೇ ತರಗತಿಯ ಅಕ್ಕ ಒಬ್ಬಳು, "ಬಾ ಇಲ್ಲಿ, ಕುಂದರು" ಅಂತ ಮೆಟ್ಟಿಲ ಮೇಲೆ ಕೂರಿಸಿಕೊಂಡಳು. ಹೇನು ನೋಡಿ, ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಹೆರಳು ಹೆಣೆದು ರಿಬ್ಬನ್ ಕಟ್ಟಿದಳು. ಅವಳ ಹಿಂದಿನ ಮೆಟ್ಟಿಲಲ್ಲಿ ಇನ್ನೊಬ್ಬಳು ಕೂತು ಅವಳ ತಲೆ ಬಾಚುತ್ತಿದ್ದಳು. ಮುಂದಿನ ವರ್ಷ ಹೊಸ ಹುಡುಗಿಯರಿಗೆ ನಾನು ಹಾಕಿದೆ. ವಾರ್ಡನ್ ಮೇಡಂ ಎಷ್ಟೇ ಒಳ್ಳೆಯವರಾದರೂ ಅಷ್ಟು ಮಕ್ಕಳ ತಲೆ ಒಬ್ಬರೇ ಬಾಚೋಕಾಗಲ್ಲ. ಮಗಳನ್ನು ಬಿಡೋಕೆ ಹೋದ ದಿನ ದೊಡ್ಡ ಹುಡುಗಿಯರ ಹತ್ತಿರ ಹತ್ತು ನಿಮಿಷ ಮಾತಾಡಿ, ಅವಳನ್ನ ಒಬ್ಬರ ಕೈಗೆ ಒಪ್ಪಿಸಿ ಬನ್ನಿ.

ಜೂನ್‌ನಿಂದ ದಸರಾ ರಜೆವರೆಗಿನ ಅವಧಿಯಲ್ಲಿ ನಿಜವಾಗಿ ಕರುಳು ಕಿತ್ತು ಬರೋದು ಶ್ರಾವಣದಲ್ಲಿ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರೂ ತವರಿಗೆ ಬರೋ ಹೊತ್ತಲ್ಲಿ ನಾವು ಹಾಸ್ಟೆಲ್‌ನಲ್ಲಿ. ನಮ್ಮ ಅಡುಗೆ ಅಕ್ಕ ಬೇವಿನ ಮರಕ್ಕೆ ಹಗ್ಗ ಕಟ್ಟಿ ಜೋಕಾಲಿ ಹಾಕಿಕೊಟ್ಟಿದ್ದರು. ಆ ದಿನ ಊರಿಂದ ಬಂದ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು ಎಲ್ಲ ಒಂದೇ ಪರಾತಕ್ಕೆ ಸುರಿದು ಹಂಚಿಕೊಳ್ತಿದ್ದೆವು. ಈ ಶಾಲೆಗಳಲ್ಲಿ ಮುಕ್ಕಾಲು ಪಾಲು ಸೀಟು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ವರ್ಗದ ಮಕ್ಕಳಿಗೆ, ಉಳಿದ ಕಾಲು ಪಾಲಿನಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬದವರಿಗೆ ಆದ್ಯತೆ. ಊರಲ್ಲಿ ಒಬ್ಬರ ಮನೆ ನೀರು ಇನ್ನೊಬ್ಬರು ಮುಟ್ಟದ ಓಣಿಗಳಿಂದ ಬಂದವರು ನಾವು, ಒಂದೇ ಪರಾತಕ್ಕೆ ಕೈ ಹಾಕಿ ತಿಂದೆವು. ನನ್ನ ಮಟ್ಟಿಗೆ ಆ ಶಾಲೆ ಕೊಟ್ಟ ದೊಡ್ಡ ಪಾಠ ಇದೇ. ಪಂಚಮಿಗೆ ತಪ್ಪದೇ ಹೋಗಿ, ರೂಮಿನವರಿಗೆಲ್ಲ ಆಗುವಷ್ಟು ಕಟ್ಟಿಕೊಂಡು ಹೋಗಿ.

ಫೋನ್‌ನಲ್ಲಿ ಅತ್ತಳು ಅಂತ "ಬರೋ ವಾರ ಕರ್ಕೊಂಡು ಬರ್ತೀನಿ" ಅಂತ ಮಾತ್ರ ಸುಳ್ಳು ಹೇಳಬೇಡಿ. ಮಕ್ಕಳು ದಿನ ಎಣಿಸ್ತಾ ಕೂರ್ತಾರೆ, ಪುಸ್ತಕ ಮುಟ್ಟಲ್ಲ. ಯಾವತ್ತು ಬರ್ತೀರೋ ಆ ದಿನವನ್ನೇ ಹೇಳಿ, ಆ ದಿನ ಹೋಗಿ.

ಸೇರಿಸುವ ಮುಂಚೆ ಆಫೀಸ್ ರೂಮಿನಲ್ಲಿ ಕೂತು ಬರಬೇಡಿ. ಶೌಚಾಲಯದವರೆಗೆ ನಡೆದು ಹೋಗಿ, ನಲ್ಲಿ ತಿರುಗಿಸಿ ನೋಡಿ, ಒಳಗಿನ ಚಿಲಕ ಹಾಕಿ ನೋಡಿ. ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತೆ, ರಾತ್ರಿ ಮಕ್ಕಳ ಜೊತೆ ಯಾರು ಮಲಗ್ತಾರೆ, ಜ್ವರ ಬಂದರೆ ಯಾರು ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ, ಇಷ್ಟು ಕೇಳಿ. ಮುಟ್ಟಿನ ವಿಷಯ ಈಗಲೇ ಬಿಡಿಸಿ ಹೇಳಿ. ಹಾಸ್ಟೆಲ್‌ನಲ್ಲಿ ಪ್ಯಾಡ್ ಕೊಡ್ತಾರೆ ಅಂದರೂ ಟ್ರಂಕಿನಲ್ಲಿ ಒಂದೆರಡು ಪೊಟ್ಟಣ ಇರಲಿ. ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಮಾಡಿಸಿ. ಯಾರೇ ಆಗಲಿ, ಮೈ ಮುಟ್ಟಿದ್ದು ಸರಿ ಅನಿಸದಿದ್ದರೆ ಹೆದರದೇ ಹೇಳಬೇಕು ಅಂತ ನೀವೇ ಬಾಯಿಬಿಟ್ಟು ಹೇಳಿಕೊಡಿ.

ಟ್ರಂಕಿಗೆ ಗಟ್ಟಿ ಬೀಗ, ಕೀಲಿ ಎರಡು. ಒಂದು ಅವಳ ಕೊರಳಲ್ಲಿ, ಇನ್ನೊಂದು ಮೇಡಂ ಹತ್ತಿರ. ಭಾನುವಾರ ಎಲ್ಲರ ಬಟ್ಟೆಯೂ ಒಂದೇ ತಂತಿ ಮೇಲೆ ಒಣಗೋದರಿಂದ ಲಂಗ, ಟವೆಲ್, ಒಳ ಉಡುಪು ಎಲ್ಲದಕ್ಕೂ ಬಣ್ಣದ ದಾರದಲ್ಲಿ ಅವಳ ಹೆಸರು ಹೊಲಿದೇ ಕಳಿಸಿ.